ಒಂದು ಮಾತ್ರೆ ಹೆಚ್ಚು

ಹುಲ್ಲು ಕೊಯ್ಲಿನ ಕಾಲ. ಊರ ಹೊರಗಿನ ಬಯಲಿನಲ್ಲಿ ಬೆಳಕು ಹರಿಯುವ ಮುಂಚೆಯೇ ಕುಡುಗೋಲುಗಳು ಇಳಿದಿದ್ದವು. ಕೊಯ್ದ ಹುಲ್ಲಿನ ಹಸಿ ವಾಸನೆ ಕೊಟ್ಟಿಗೆಯ ಗಂಜಲದ ವಾಸನೆಯನ್ನು ದಾಟಿ ಒಳಗೆ ಬರುತ್ತಿತ್ತು. ತಂಗಿ ಏಳನೆಯ ಹಸುವಿನ ಕೆಚ್ಚಲು ತೊಳೆದು, ಬಕೆಟ್ಟನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು ಕೂತಿದ್ದಳು. ಒಳಮನೆಯಲ್ಲಿ ಅಕ್ಕನ ಹೆಣ ಮಲಗಿತ್ತು. ಹನ್ನೊಂದಕ್ಕೆ ಎತ್ತುವುದೆಂದು ಆಗಿತ್ತು. ಹೆಣ ಹನ್ನೊಂದರವರೆಗೆ ತಡೆದೀತು, ಕೆಚ್ಚಲು ತುಂಬಿದ ಒಂಬತ್ತು ಹಸುಗಳು ತಡೆಯುವುದಿಲ್ಲ.

ಕಪ್ಪು ಹಸು ಹಾಲು ಇಳಿಸಲಿಲ್ಲ. ಎರಡು ಸಲ ಒದೆಯಲೂ ಬಂತು.

"ಏನೇ, ಹಾಡಬೇಕಾ ನಿಂಗೆ?" ಎಂದಳು ತಂಗಿ. "ಹಾಡೋಳು ಒಳಗೆ ಮಲಗಿದಾಳೆ. ನಂಗೆ ಬರಲ್ಲ. ಬೇಕಾದ್ರೆ ಇಳಿಸು, ಬೇಡಾಂದ್ರೆ ಬಿಡು."

ನಿನ್ನೆ ಬೆಳಿಗ್ಗೆ ಅಕ್ಕ ಇದೇ ಹಸುವಿನ ಬೆನ್ನ ಮೇಲೆ ಕೈ ಇಟ್ಟವಳು ಹಾಗೇ ಜಾರಿ ಕೂತಿದ್ದಳು. ಬಕೆಟ್ಟು ಉರುಳಿರಲಿಲ್ಲ. ಎಪ್ಪತ್ತೊಂದು ವರ್ಷ ಒಂದು ತೊಟ್ಟು ಚೆಲ್ಲದೆ ಬದುಕಿದ ಹೆಂಗಸು ಸಾಯುವಾಗಲೂ ಚೆಲ್ಲಲಿಲ್ಲವಲ್ಲ ಎಂದು ನೆನೆದಾಗೆಲ್ಲ ತಂಗಿಗೆ ಅಳು ಬರುವ ಬದಲು ಸಿಟ್ಟು ಬರುತ್ತಿತ್ತು. ಒಂದು ಸಲವಾದರೂ ಚೆಲ್ಲಬೇಕಿತ್ತು. ಯಾರದಾದರೂ ಮೈಮೇಲೆ ಸುರಿಯಬೇಕಿತ್ತು.

ಬಾಗಿಲಿಗೆ ನೆರಳು ಬಿತ್ತು. ಕೂದಲನ್ನು ಹಿಂದಕ್ಕೆ ಕಟ್ಟಿದ್ದ ಯುವಕನೊಬ್ಬ, ಸಗಣಿಗೆ ಹೆದರಿ ಒಂದು ಕಾಲು ಹೊರಗೆ ಒಂದು ಕಾಲು ಒಳಗೆ ಇಟ್ಟು ನಿಂತಿದ್ದ. ಬಸ್ ನಿಲ್ದಾಣದ ಎದುರಿನ ಹೋಟೆಲಿನ ಮಹಡಿಯಲ್ಲಿ ಇವತ್ತು ಸಂಜೆ ಹಾಡಿನ ಕಾರ್ಯಕ್ರಮ ನಡೆಸುವ ನಿರ್ದೇಶಕ ಅವನು. ಊರಿನ ಗೋಡೆಗಳ ಮೇಲೆಲ್ಲ ಅವನ ಪೋಸ್ಟರುಗಳಿದ್ದವು: 'ಆನಂತರ. ಹಿರಿಯ ಸಾಹಿತಿಗಳ ಮರೆತ ಹಾಡುಗಳ ಒಂದು ಆಪ್ತ ಸಂಜೆ.'

"ತುಂಬ ನೋವಾಯ್ತಮ್ಮ," ಎಂದ. "ಅವರನ್ನ ಇವತ್ತು ಮೊದಲನೇ ಸಾಲಲ್ಲಿ ಕೂರಿಸಬೇಕು ಅಂತಿದ್ವಿ."

"ಗೊತ್ತು. ಕಾಗದ ಬಂದಿತ್ತು. 'ಆ ಕಾಲದ ರಸಿಕರು' ಅಂತ ಬರೆದಿದ್ರಿ."

"ಹೌದು ಹೌದು."

"ಅವಳು ರಸಿಕಳಲ್ಲ. ಹಾಡ್ತಿದ್ದೋಳು."

"ಹಾಗಂತ ಕೇಳಿದೀನಿ. ಆ ದಿನಗಳಲ್ಲಿ ಕೆಲವು ಸ್ಥಳೀಯ ಕಲಾವಿದೆಯರು ಹಾಡ್ತಿದ್ರು ಅಂತ ಕರಪತ್ರದಲ್ಲೂ ಹಾಕಿದೀವಿ. ಈಗ ಇಡೀ ಸಂಜೇನೇ ಅವರಿಗೆ ಅರ್ಪಿಸೋಣ ಅಂತ."

ತಂಗಿ ಕೈ ನಿಲ್ಲಿಸಿದಳು. "ಅವಳದನ್ನ ಅವಳಿಗೇ ಅರ್ಪಿಸ್ತೀರಾ?"

ಅವನಿಗೆ ಅರ್ಥವಾಗಲಿಲ್ಲ, ನಕ್ಕ. ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಮ್ಮ ತುಂಬಿದ ಕ್ಯಾನು ಒಯ್ಯಲು ಬಂದಳು. "ಎಂಥ ಕಾರ್ಯಕ್ರಮಾನಪ್ಪ ಅದು?"

"ಕ್ಯಾಬರೆ ಥರದ್ದು ಅಜ್ಜಿ. ಚಿಕ್ಕ ಕೋಣೆ, ಮೇಜು, ಮಂದ ಬೆಳಕು, ಹತ್ತಿರ ಕೂತು ಕೇಳೋದು."

"ಕ್ಯಾಬರೆ? ಹೆಣ ಎತ್ತಿದ ದಿನ?"

"ನೀವಂದ್ಕೊಂಡ ಹಾಗಲ್ಲ ಅಜ್ಜಿ."

"ನಾನೇನಂದ್ಕೊಂಡೆ ಅಂತ ನಿಂಗೆ ಹೆಂಗೆ ಗೊತ್ತು? ನಾನೂ ಸಿನಿಮಾ ನೋಡಿದೋಳೇ." ದೊಡ್ಡಮ್ಮ ಕ್ಯಾನು ಸೊಂಟಕ್ಕೇರಿಸಿಕೊಂಡು ಹೋದಳು.

ನಿರ್ದೇಶಕ ತಂಗಿಯ ಕಡೆ ತಿರುಗಿದ. "ಈ ಹಾಡುಗಳನ್ನ ಬರೆದ ಹಿರಿಯರು ಊರಿಗೆ ಬಂದಿದಾರೆ. ಮಣ್ಣಿಗೆ ಬರ್ತಾರೆ. ಎರಡು ಮಾತಾಡ್ತಾರೆ. ನಿಮ್ಮದೇನೂ ಅಭ್ಯಂತರ ಇಲ್ಲಾಂದ್ರೆ ಒಂದು ಸಣ್ಣ ವಿಡಿಯೊ..."

"ಬರಲಿ," ಎಂದಳು ತಂಗಿ. "ಅವರು ಬರೋದನ್ನೇ ನಾನು ಕಾಯ್ತಿದೀನಿ."

*

ನಲವತ್ತೊಂಬತ್ತು ವರ್ಷದ ಹಿಂದೆ ಹಿರಿಯರು ಹಿರಿಯರಾಗಿರಲಿಲ್ಲ. ಧಾನ್ಯದ ಮಂಡಿಯಲ್ಲಿ ತೂಕ ಬರೆಯುವ ಗುಮಾಸ್ತರಾಗಿದ್ದರು. ಕಾದಂಬರಿಗಳು, ಪ್ರಶಸ್ತಿಗಳು, ಶಾಲೆಯ ಗೋಡೆಯ ಮೇಲಿನ ಪಟ ಎಲ್ಲ ಆಮೇಲಿನವು. ಆಗ ಅವರ ಬರವಣಿಗೆಗೆ ಇದ್ದ ಒಂದೇ ಜಾಗ ಹೋಟೆಲಿನ ಮಹಡಿ. ಸಂತೆಗೆ ಬಂದವರು ಚಹಾ ಕುಡಿದು ಎದ್ದು ಹೋಗದಿರಲೆಂದು ಮಾಲೀಕ ಮೇಲೊಂದು ಹಲಗೆಯ ವೇದಿಕೆ ಹಾಕಿಸಿ, ಮೂವತ್ತು ಕುರ್ಚಿ ಇಡಿಸಿದ್ದ. ಹಿಂಬಾಗಿಲಿನಲ್ಲಿ ಹಾಲು ಅಳೆಯುತ್ತ ಗುನುಗುತ್ತಿದ್ದ ಅಕ್ಕನನ್ನು ಕೇಳಿ, "ಮೇಲೆ ಬಂದು ಹಾಡ್ತೀಯೇನಮ್ಮ?" ಎಂದಿದ್ದವನೂ ಅವನೇ. ಹಾರ್ಮೋನಿಯಮ್ಮಿಗೆ ಪೆಟ್ಟಿಗೆ ಮಾವ ಇದ್ದ. ಊರಿಗೆಲ್ಲ ಮಾವನಾದ್ದರಿಂದ ಇವರಿಗೂ ಮಾವ.

ಅಕ್ಕ ಓದಿದ್ದು ಎರಡನೇ ಕ್ಲಾಸು. ಗುಮಾಸ್ತರ ಕೈಬರಹ ಅವಳಿಗೆ ಇರುವೆ ಹರಿದ ಹಾಗೆ ಕಾಣುತ್ತಿತ್ತು. ಹಾಡು ಕಲಿಯಲು ಬಿಡುವೂ ಇರಲಿಲ್ಲ. ಹಾಗಾಗಿ ಗುಮಾಸ್ತರೇ ಕೊಟ್ಟಿಗೆಗೆ ಬಂದು, ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾಗಿಲಲ್ಲಿ ನಿಂತು, ಅವಳು ಹಾಲು ಕರೆಯುತ್ತಿದ್ದ ಹಾಗೇ ಓದಿ ಹೇಳುತ್ತಿದ್ದರು. ಎರಡು ಸಲ ಓದಿದರೆ ಸಾಕು, ಅವಳಿಗೆ ಬಂದುಬಿಡುತ್ತಿತ್ತು. ಆವತ್ತು ಓದಿದ ಹಾಡಿನ ಪಲ್ಲವಿ ಇದು:

ಒಲೆಯಾರಿ ಕದವಿಕ್ಕಿ ಬೆಳಕಿಳಿಸಿ
ನಿರಂತರ ನಿನ ಹಾದಿ ಕಾಯುವೆನು

ಬಕೆಟ್ಟು ಇನ್ನೂ ಖಾಲಿ ಇತ್ತು. ಖಾಲಿ ಬಕೆಟ್ಟಿಗೆ ಬೀಳುವ ಮೊದಲ ಹಾಲಿನ ಸದ್ದು ತಗಡಿನ ಸದ್ದು. ಆ ಸದ್ದಿನಲ್ಲಿ 'ನಿರಂತರ' ಎಂಬ ಪದದ ತಲೆ ಹಾರಿಹೋಯಿತು, ಬಾಲ ಮಾತ್ರ ಅಕ್ಕನ ಕಿವಿಗೆ ಬಂತು. ತಲೆ ಏನಿರಬೇಕೆಂದು ಅವಳು ಯೋಚಿಸಬೇಕಾಗಿಯೂ ಬರಲಿಲ್ಲ. ಒಲೆ ಆರಿದ ಮೇಲೆ, ಕದ ಇಕ್ಕಿದ ಮೇಲೆ, ದೀಪ ಸಣ್ಣ ಮಾಡಿದ ಮೇಲೆ ತಾನೆ ಹೆಂಗಸೊಬ್ಬಳಿಗೆ ಯಾರನ್ನಾದರೂ ಕಾಯಲು ಪುರಸೊತ್ತು?

ಸಂಜೆ ಮಹಡಿಯಲ್ಲಿ ಹಾಡಿದಳು. ತಂಗಿಗೆ ಆಗ ಹದಿನೇಳು, ಮೆಟ್ಟಿಲ ಮೇಲೆ ಕೂತಿದ್ದಳು. "ಒಲೆಯಾರಿ, ಕದವಿಕ್ಕಿ, ಬೆಳಕಿಳಿಸಿ" ಎಂದು ಒಂದೊಂದೇ ಕೆಲಸ ಮುಗಿಸಿದ ಹಾಗೆ ಹಾಡಿ, ಉಸಿರು ಬಿಟ್ಟು, "ಆ...ನಂತರ ನಿನ ಹಾದಿ ಕಾಯುವೆನು" ಎಂದಳು. ಆ 'ಆ' ಒಂದು ಆಕಳಿಕೆಯ ಹಾಗಿತ್ತು. ಮೂವತ್ತು ಕುರ್ಚಿಗಳಲ್ಲಿ ಒಂದು ನಗು ಎದ್ದಿತು, ಗೇಲಿಯ ನಗುವಲ್ಲ, ತಮ್ಮ ಮನೆಯ ಮಾತು ಬೀದಿಯಲ್ಲಿ ಕೇಳಿದವರ ನಗು. ಲೋಟ ತೊಳೆಯುವವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ಇನ್ನೊಂದ್ಸಲ," ಎಂದರು ಯಾರೋ.

ಗುಮಾಸ್ತರು ಎದ್ದು ನಿಂತರು. "ನಿಲ್ಲಿಸು. 'ನಿರಂತರ' ಅಂತ ಬರೆದಿದೀನಿ ನಾನು. ನಿರಂತರ. ಅದರ ಅರ್ಥ ಗೊತ್ತೇನೇ ನಿಂಗೆ?"

ಅಕ್ಕನಿಗೆ ಗೊತ್ತಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು.

"ಹಾಲು ಕರೆಯೋಳ ಕಿವಿಗೆ ಕಾವ್ಯ ಹಾಕಿದ್ದು ನನ್ನ ತಪ್ಪು," ಎಂದು ಎಲ್ಲರೆದುರು ಹೇಳಿ, ಮಾಲೀಕನ ಕಡೆ ತಿರುಗಿದರು. "ಇವಳು ಬೇಕೋ ನನ್ನ ಹಾಡು ಬೇಕೋ, ನೀವೇ ನೋಡ್ಕೊಳ್ಳಿ."

ಮಾಲೀಕ ನೋಡಿಕೊಂಡ. ಮಾರನೆಯ ಬೆಳಿಗ್ಗೆ ಅಕ್ಕ ಎಂದಿನಂತೆ ಹಿಂಬಾಗಿಲಿನಲ್ಲಿ ಹಾಲು ಅಳೆದು ಕೊಟ್ಟು ಬಂದಳು. ಆಮೇಲೆ ಆ ಮಹಡಿಯ ಮೆಟ್ಟಿಲು ಹತ್ತಲಿಲ್ಲ. ಸಂಬಂಧ ಕೇಳಿಕೊಂಡು ಬಂದವರು 'ಹೋಟೆಲಲ್ಲಿ ಹಾಡ್ತಿದ್ದೋಳು' ಎಂದು ತಿಳಿದು ಬಂದ ದಾರಿ ಹಿಡಿದರು. ಊರಿನ ನಾಲಿಗೆಯಲ್ಲಿ ಅವಳು ಹಾಲಿನಕ್ಕ ಎಂದಷ್ಟೇ ಉಳಿದಳು.

*

ಹೆಣ ಎತ್ತಿದಾಗ ಬಿಸಿಲು ಏರಿತ್ತು. ಹಾಲಿನ ವ್ಯಾನು ಓಡಿಸುವ ತಂಗಿಯ ಮಗ ಮುಂದೆ ಹೆಗಲು ಕೊಟ್ಟಿದ್ದ. ಹುಲ್ಲು ಕೊಯ್ಯುತ್ತಿದ್ದವರು ಕುಡುಗೋಲು ಕೆಳಗಿಟ್ಟು, ರಸ್ತೆಯಂಚಿಗೆ ಬಂದು ನಿಂತು, ಮೆರವಣಿಗೆ ದಾಟಿದ ಮೇಲೆ ಮತ್ತೆ ಬಗ್ಗಿದರು. ಪೆಟ್ಟಿಗೆ ಮಾವ ಕೋಲೂರಿಕೊಂಡು ಎಲ್ಲರಿಗಿಂತ ಹಿಂದೆ ಬರುತ್ತಿದ್ದ. ತಂಗಿ ನಡಿಗೆ ನಿಧಾನ ಮಾಡಿ ಅವನ ಜೊತೆಯಾದಳು.

"ಸಂಜೆ ಬಾರಿಸ್ತೀರಂತೆ."

"ಬಾರಿಸ್ತೀನಿ ಕಣಮ್ಮ. ಧಾಟಿ ಇನ್ಯಾರಿಗೂ ಗೊತ್ತಿಲ್ಲ."

"ನಾಚಿಕೆ ಆಗಲ್ವಾ ಮಾವ?"

"ಎಂಬತ್ಮೂರಾಯ್ತು. ನಾಚಿಕೇನೂ ಆಗುತ್ತೆ, ಕೈಯೂ ತುರಿಸುತ್ತೆ." ಕೋಲನ್ನು ಇನ್ನೊಂದು ಕೈಗೆ ಬದಲಿಸಿದ. "ಆವತ್ತು ಅವನು ಅವಳನ್ನ ಬೈದಾಗ ನಾನು ಪೆಟ್ಟಿಗೆ ಮುಚ್ಚಿ ಎದ್ದು ಬರಬೇಕಿತ್ತು. ಬರಲಿಲ್ಲ. ಮುಂದಿನ ವಾರ ಬೇರೆಯೋಳಿಗೆ ಬಾರಿಸಿದೆ. ನೀನು ಬೈಯೋದಿದ್ರೆ ಅದಕ್ಕೆ ಬೈಯಿ."

ತಂಗಿ ಬೈಯಲಿಲ್ಲ. ಬೈಗುಳವನ್ನೆಲ್ಲ ಅವಳು ಒಬ್ಬರಿಗೆಂದೇ ಕೂಡಿಟ್ಟುಕೊಂಡಿದ್ದಳು.

*

'ಆನಂತರ' ಎಂಬ ಪದ ಆ ಮಹಡಿಯಲ್ಲೇ ಸತ್ತಿದ್ದರೆ ಅಕ್ಕ ಅದನ್ನು ಮರೆತಿರುತ್ತಿದ್ದಳೋ ಏನೋ. ಆದರೆ ಪೆಟ್ಟಿಗೆ ಮಾವ ಆ ಹಾಡುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದ, ಕಿವಿಗೆ ಬಿದ್ದ ಹಾಗೇ ಬರೆದಿದ್ದ. ಎರಡು ವರ್ಷದ ಹಿಂದೆ ಹಿರಿಯರ ಸಮಗ್ರ ಕೃತಿಗಳನ್ನು ಅಚ್ಚು ಹಾಕುವವರು ಬಂದು ಅದನ್ನು ಒಯ್ದರು. ಕೊನೆಯ ಸಂಪುಟದ ಕೊನೆಯಲ್ಲಿ ಹಾಡುಗಳು ಬಂದವು. ಹಿರಿಯರು ತಿದ್ದಲಿಲ್ಲ. ವಿಮರ್ಶಕರೊಬ್ಬರು ಆ 'ಆನಂತರ'ದ ಬಗ್ಗೆಯೇ ನಾಲ್ಕು ಪುಟ ಬರೆದರು. ಹೆಣ್ಣಿನ ದಣಿವನ್ನು ಒಂದು ದೀರ್ಘದಲ್ಲಿ ಹಿಡಿದಿಟ್ಟ ಪದವಂತೆ.

ಹಿಂದಿನ ತಿಂಗಳು ಒಂದು ಬೆಳಿಗ್ಗೆ ಅಕ್ಕ ತಂಗಿಯರು ಹಾಲು ಸೋಸುತ್ತಿದ್ದಾಗ ರೇಡಿಯೊದಲ್ಲಿ ಹಿರಿಯರ ಸಂದರ್ಶನ ಬಂತು. "ಆ ಒಂದು ಪದ ಸಿಗಲಿಕ್ಕೆ ಮೂರು ರಾತ್ರಿ ನಿದ್ದೆಗೆಟ್ಟೆ," ಎಂದಿತು ರೇಡಿಯೊ.

ಅಕ್ಕ ಸೋಸುವ ಬಟ್ಟೆಯನ್ನು ಹಿಂಡಿದಳು. ಹಿಂಡಿದ ಮೇಲೂ ಹಿಂಡುತ್ತಲೇ ಇದ್ದಳು. ಕೊನೆಗೆ, "ಒಂದು ಕಾರ್ಡು ತಗೊಂಬಾ," ಎಂದಳು. "ಬರಿ. ಆ ಪದ ನಂದು. ಅದಕ್ಕೆ ಬೈಸ್ಕೊಂಡೋಳೂ ನಾನೇ. ಬೈಗುಳ ನಂಗೆ, ಹೊಗಳಿಕೆ ನಿಮಗೆ ಅಂತ ಯಾವ ತಕ್ಕಡೀಲಿ ತೂಗಿದ್ರಿ?"

"ಕೆಳಗೆ ಏನಂತ ಬರೀಲಿ?"

"ಹಾಲು ಕರೆಯೋಳು ಅಂತ ಬರಿ. ಗುರ್ತು ಸಿಗುತ್ತೆ."

ಉತ್ತರ ಬರಲಿಲ್ಲ. ಬಂದದ್ದು ನಿರ್ದೇಶಕನ ಆಮಂತ್ರಣ, ಮೊದಲ ಸಾಲು, ಆ ಕಾಲದ ರಸಿಕರು. "ಹೋಗ್ತೀಯಾ?" ಎಂದು ತಂಗಿ ಕೇಳಿದ್ದಳು. "ಹೋಗ್ತೀನಿ," ಎಂದಿದ್ದಳು ಅಕ್ಕ. "ಅವನ ಬಾಯಲ್ಲಿ ಕೇಳಬೇಕು. ಆ ಪದ ಇವಳದು ಅಂತ ಅವನು ಅನ್ನೋದನ್ನ ಒಂದ್ಸಲ ಕೇಳಿದ್ರೆ ಸಾಕು."

*

ಗುಂಡಿಯ ಬಳಿಗೆ ಕಾರು ಬಂತು. ಹಿರಿಯರು ಬಿಳಿಯ ಅಂಗಿಯಲ್ಲಿ ಇಳಿದರು. ಜನ ತಾವಾಗಿ ದಾರಿ ಬಿಟ್ಟರು. ಶಾಲೆಯ ಗೋಡೆಯ ಪಟ ಎದ್ದು ಬಂದ ಹಾಗಿತ್ತು. ನಿರ್ದೇಶಕ ಫೋನು ಎತ್ತಿ ಹಿಡಿದ. ಹಿರಿಯರು ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಮೆಲ್ಲಗೆ ಮಾತಾಡಿದರು. ದನಿ ಇನ್ನೂ ಚೆನ್ನಾಗಿತ್ತು.

"ಈ ತಾಯಿ ಸಾಮಾನ್ಯಳಲ್ಲ. ನಾನು ಬಡ ಗುಮಾಸ್ತನಾಗಿದ್ದಾಗ ನನ್ನ ಪದಗಳನ್ನ ಹಾಲಿನ ಕ್ಯಾನಿನ ಹಾಗೆ ಹೊತ್ತು ಮನೆಮನೆಗೆ ಮುಟ್ಟಿಸಿದೋಳು."

"ಯಾವ ಪದ?" ಎಂದಳು ತಂಗಿ.

ದನಿ ಏರಿರಲಿಲ್ಲ. ಆದರೂ ಮಣ್ಣು ಎಳೆಯಲು ಸನಿಕೆ ಹಿಡಿದು ನಿಂತಿದ್ದವನು ತಿರುಗಿ ನೋಡಿದ.

"ಅಮ್ಮ, ಬಿಡಮ್ಮ," ಎಂದ ಮಗ.

"ನೀನು ಸುಮ್ನಿರು. ಸ್ವಾಮಿ, ನಿಮ್ಮನ್ನೇ ಕೇಳಿದ್ದು. ಅವಳು ಹೊತ್ತಿದ್ದು ಯಾವ ಪದ? 'ಆನಂತರ' ಅನ್ನೋದು ಯಾರದು?"

ಹಿರಿಯರು ನಕ್ಕರು. ನೋವಾದವರ ನಗುವಿನ ಹಾಗೇ ಇತ್ತು. "ಪದಗಳು ಯಾರವೂ ಅಲ್ಲ ತಾಯಿ. ಅವು ಭಾಷೆಯವು."

"ಹಾಗಾದ್ರೆ ಆವತ್ತು ಭಾಷೆಗೇ ಬೈಬೇಕಿತ್ತು. ನಮ್ಮಕ್ಕನ್ನ ಯಾಕೆ ಬೈದ್ರಿ?"

ನಿರ್ದೇಶಕ ಫೋನು ಇಳಿಸಿದ. ದೊಡ್ಡಮ್ಮ ಮಾತ್ರ ಪಕ್ಕದವಳಿಗೆ ಕೇಳುವ ಹಾಗೆ, "ಎತ್ತು, ಎತ್ತು ಫೋನು, ಈಗ ಹಿಡೀಬೇಕಾದ್ದು," ಎಂದಳು.

ಹಿರಿಯರು ಹತ್ತಿರ ಬಂದರು. ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದರು: "ಕಾರ್ಡು ಬಂತು. ಓದಿದೆ. ಇಲ್ಲಿ ಬೇಡ, ಸಂಜೆ ಬನ್ನಿ. ಎಲ್ಲರೆದುರು ಹೇಳ್ತೀನಿ."

"ಏನಂತ?"

"ನಿಮ್ಮಕ್ಕ ಕೇಳಿದ್ದನ್ನೇ."

"ಮಾತಾ?"

"ಮಾತು."

ಅಕ್ಕನ ಮೇಲೆ ಮಣ್ಣು ಬಿತ್ತು. ಜನ ಚದುರಿದ ಮೇಲೆ ತಂಗಿ ಸ್ಮಶಾನದ ಮೋಟುಗೋಡೆಯ ಮೇಲೆ ಕೂತಳು. ಪೆಟ್ಟಿಗೆ ಮಾವ ಪಕ್ಕದಲ್ಲಿ ಕೂತು ಮೊಣಕಾಲು ತಿಕ್ಕಿಕೊಂಡ.

"ಹೇಳಲ್ಲ ಅವನು," ಎಂದ. "ಹೇಳೋನಾಗಿದ್ರೆ ಇಲ್ಲೇ ಹೇಳ್ತಿದ್ದ. ಅವನು ಹೇಳಬೇಕಾಗೂ ಇಲ್ಲ, ಹಾಡೇ ಹೇಳುತ್ತೆ. ಅದು ಐದೈದು ಮಾತ್ರೆಯ ಹಾಡು."

"ಮಾತ್ರೆ ಅಂದ್ರೆ ನಂಗೆ ಬಿ.ಪಿ.ದು ಒಂದೇ ಗೊತ್ತು ಮಾವ."

"ಒಲೆಯಾರಿ ಅಂದ್ರೆ ಐದು. ಕದವಿಕ್ಕಿ, ಐದು. ಬೆಳಕಿಳಿಸಿ, ಐದು. ನಿರಂತರ ಅಂದ್ರೂ ಐದೇ. ಆದ್ರೆ ಆನಂತರ ಅಂದ್ರೆ ಆರು. ನಿಮ್ಮಕ್ಕ ಆವತ್ತು 'ಆ' ಅಂತ ಬಾಯಿ ತೆರೆದಾಗ ತಾಳ ಒಡೀತು. ನಾನು ಪೆಟ್ಟಿಗೆಯ ತಿದಿ ತಡೆದು ಒಂದು ಮಾತ್ರೆ ಜಾಸ್ತಿ ಕೊಟ್ಟು ಅವಳನ್ನ ದಾಟಿಸಿದೆ. ಆ ತಡೆಯೇ ಹಾಡಿನ ಸೊಗಸಾಗಿಬಿಡ್ತು. ಅವನು ಲೆಕ್ಕದ ಮನುಷ್ಯ. ತಾನೇ ಬರೆದಿದ್ರೆ 'ಅನಂತರ' ಅಂತ ಗಿಡ್ಡಕ್ಕೆ ಬರೆದು ಐದರಲ್ಲಿ ಕೂರಿಸ್ತಿದ್ದ. 'ಅನಂತರ'ವೇ ಶುದ್ಧ ಅಂತ ಊರಿಗೆಲ್ಲ ಪಾಠ ಹೇಳಿದೋನು ಅವನು."

"ಇದನ್ನ ನಲವತ್ತೊಂಬತ್ತು ವರ್ಷ ಹೊಟ್ಟೇಲಿಟ್ಕೊಂಡಿದ್ರಾ?"

"ಯಾರೂ ಕೇಳಲಿಲ್ಲ," ಎಂದ ಪೆಟ್ಟಿಗೆ ಮಾವ. ಹೇಳಿ ತಲೆ ತಗ್ಗಿಸಿದ.

*

ಸಂಜೆಯ ಹಾಲು ಕರೆದು, ಕ್ಯಾನುಗಳನ್ನು ವ್ಯಾನಿಗೇರಿಸಿ, ಕೈಕಾಲು ತೊಳೆದು ತಂಗಿ ಮಹಡಿ ಹತ್ತಿದಾಗ ಆರು ಗಂಟೆ. ಕೋಣೆ ಅಷ್ಟೇ ಸಣ್ಣದು. ಗೋಡೆಗೆ ಹೊಸ ಬಣ್ಣ, ಮೇಜಿಗೊಂದು ಪುಟ್ಟ ದೀಪ, ದೂರದ ಪಟ್ಟಣದಿಂದ ಬಂದವರ ಮೆಲುಮಾತು. ಮೊದಲ ಸಾಲಿನ ಕುರ್ಚಿಯೊಂದರ ಬೆನ್ನಿಗೆ 'ಆ ಕಾಲದ ರಸಿಕರು' ಎಂಬ ಚೀಟಿ ಹಾಗೇ ಇತ್ತು. ತಂಗಿ ಚೀಟಿ ಕಿತ್ತು, ಮುದುರಿ, ಆ ಕುರ್ಚಿಯಲ್ಲೇ ಕೂತಳು. ಎಡಕ್ಕೆ ಹಿರಿಯರು.

ಅವರನ್ನು ಕರೆದರು. ಎದ್ದು ನಿಂತರು. ತಂಗಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಅವರ ಬಾಯನ್ನೇ ನೋಡಿದಳು.

"ಇವತ್ತು ಒಬ್ಬ ಹೆಣ್ಣುಮಗಳನ್ನು ಮಣ್ಣಿಗೆ ಕೊಟ್ಟು ಬಂದಿದ್ದೇನೆ," ಎಂದು ಶುರುಮಾಡಿದರು. "ಹಾಲಿನಕ್ಕ ಎಂದು ಅವಳ ಹೆಸರು. 'ಆನಂತರ' ಎಂಬ ಈ ಪದ..." ಅಲ್ಲಿ ನಿಂತರು. ನೀರು ಕುಡಿದರು. ಎದುರಿಗೆ ಮೂವತ್ತು ಮುಖಗಳು ಪ್ರೀತಿಯಿಂದ ಅವರನ್ನೇ ನೋಡುತ್ತಿದ್ದವು. "ಈ ಪದಕ್ಕೆ ಮೊದಲು ದನಿ ಕೊಟ್ಟವಳು ಅವಳು. ಮೂರು ರಾತ್ರಿ ಹುಡುಕಿದ ಪದ ಅವಳ ಕಂಠದಲ್ಲಿ ಕೂತಾಗ ನನಗಾದ ಸಂತೋಷ ಹೇಳತೀರದು."

ಚಪ್ಪಾಳೆ ಬಿತ್ತು. ಹಿರಿಯರು ಕೂತರು. ತಂಗಿಯ ಕಡೆ ತಿರುಗಲಿಲ್ಲ.

ತಂಗಿಗೆ ಎದ್ದು ಕೂಗಬೇಕೆನಿಸಿತು. ಕುರ್ಚಿಯ ಅಂಚು ಹಿಡಿದು ಏಳಹೊರಟಳು. ವೇದಿಕೆಯ ಮೇಲಿಂದ ಪೆಟ್ಟಿಗೆ ಮಾವ ಅವಳನ್ನು ನೋಡಿದ. ಕೂತಿರು ಎನ್ನುವ ಹಾಗೆ ಒಂದು ಬೆರಳು ಎತ್ತಿ, ತಿದಿ ಒತ್ತಿದ.

ಹಾಡುವ ಹುಡುಗಿ ಚೆಂದದ ದನಿಯವಳು. "ಒಲೆಯಾರಿ ಕದವಿಕ್ಕಿ ಬೆಳಕಿಳಿಸಿ" ಎಂದು ನೀರಿನ ಹಾಗೆ ಹರಿದು ಬಂದು, "ಆನಂತ" ಎನ್ನುವಷ್ಟರಲ್ಲಿ ಹಾರ್ಮೋನಿಯಂ ಮುಂದೆ ಹೋಗಿಬಿಟ್ಟಿತ್ತು. ಅವಳು ಎಡವಿದಳು. ನಕ್ಕು, ಮೊದಲಿಂದ ಹಿಡಿದಳು. ಮತ್ತೆ ಅಲ್ಲೇ ಎಡವಿದಳು. ಪೆಟ್ಟಿಗೆ ಮಾವ ಐದು ಮಾತ್ರೆಗಿಂತ ಕೂದಲೆಳೆಯಷ್ಟೂ ಹೆಚ್ಚು ಕೊಡಲಿಲ್ಲ.

"ಮೇಷ್ಟ್ರೇ, ರಿಹರ್ಸಲ್‌ನಲ್ಲಿ ಅಲ್ಲೊಂದು ತಡೆ ಕೊಡ್ತಿದ್ರಲ್ಲ," ಎಂದಳು ಹುಡುಗಿ ಮೆಲ್ಲಗೆ.

"ಅದು ಹಾಲಿನಕ್ಕಂಗೆ ಕೊಡ್ತಿದ್ದಿದ್ದಮ್ಮ," ಎಂದ ಮಾವ, ಮೆಲ್ಲಗಲ್ಲ. "ಮೂರು ರಾತ್ರಿ ಕೂತು ಬರೆದೋರ ಪದ ಅಂದ್ರೆ ತಾಳಕ್ಕೆ ತಾನಾಗೇ ಕೂರಬೇಕು. ಹಾಡು."

ಮೂರನೆಯ ಸಲ ಹುಡುಗಿ 'ಆ'ವನ್ನು ಮೊಟಕು ಮಾಡಿ "ಅನಂತರ" ಎಂದಳು. ಪದ ತಾಳಕ್ಕೆ ಸರಿಯಾಗಿ ಕೂತಿತು. ಯಾರೂ ನಗಲಿಲ್ಲ, ಯಾರ ಉಸಿರೂ ನಿಲ್ಲಲಿಲ್ಲ, ಹಾಡು ಒಂದು ರಸೀತಿಯ ಹಾಗೆ ಮುಂದಕ್ಕೆ ಸರಿಯಿತು. ಹಿಂದಿನ ಮೇಜಿನಲ್ಲಿ ಯಾರೋ ಪಿಸುಗುಟ್ಟಿದರು. ಒಬ್ಬೊಬ್ಬರಾಗಿ ಜನ ಮೊದಲ ಸಾಲಿನ ಕಡೆ ನೋಡತೊಡಗಿದರು.

ತಂಗಿಯೂ ಎಡಕ್ಕೆ ತಿರುಗಿದಳು. ಹಿರಿಯರು ಬಲಗೈಯನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡಿದ್ದರು. ತುಟಿ ಅಲುಗುತ್ತಿತ್ತು. 'ಆ'ದ ಎರಡು ಮಾತ್ರೆಗೆ ಕಿರುಬೆರಳೂ ಉಂಗುರದ ಬೆರಳೂ ಮಡಚಿದವು. 'ನಂ'ಗೆ ಇನ್ನೆರಡು. 'ತ'ಕ್ಕೆ ಹೆಬ್ಬೆರಳು ಮಡಚಿ ಕೈ ಮುಷ್ಟಿಯಾಯಿತು. 'ರ' ಇನ್ನೂ ಹೊರಗೇ ಇತ್ತು. ಅವರು ಮುಷ್ಟಿಯನ್ನೊಮ್ಮೆ ನೋಡಿ, ಬಿಚ್ಚಿ, ಮತ್ತೆ ಕಿರುಬೆರಳಿನಿಂದ ಎಣಿಸಲು ಶುರುಮಾಡಿದರು.